ಬಹಮನಿ ಮದರಸಾಗಳಲ್ಲಿ ಪಾಠದ ತಪಾಸಣೆ

ಶಾಲೆಗೆ ಇನ್‌ಸ್ಪೆಕ್ಟರು ಬರುವುದು, ಹಾಜರಿ ನೋಡುವುದು, ಪುಸ್ತಕದಲ್ಲಿ ಅಭಿಪ್ರಾಯ ಬರೆದು ಹೋಗುವುದು ನಮಗೆ ಪರಿಚಿತವಾದ ಪದ್ಧತಿ. ಇಂಥ ಇಲಾಖೆಯೇ ಇಲ್ಲದ ಕಾಲದಲ್ಲಿ, ಕಲಬುರಗಿ ಬಹಮನಿ ಅರಸರ ರಾಜಧಾನಿಯಾಗಿದ್ದಾಗ, ಮದರಸಾದ ಪಾಠ ಸರಿಯಾಗಿದೆಯೆಂದು ನೋಡಿಕೊಂಡವರು ಯಾರು?

ಮೊದಲ ಉತ್ತರ, ಅರಸ. ಎರಡನೆಯ ಮುಹಮ್ಮದ್ ಶಹಾ (1378–1397) ಕಲಬುರಗಿ, ಬೀದರ, ದೌಲತಾಬಾದ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಶಾಲೆ ತೆರೆದು, ಅವುಗಳ ವೆಚ್ಚವನ್ನು ಬೊಕ್ಕಸಕ್ಕೆ ವಹಿಸಿದನೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಮುಂದೆ ಫಿರೋಜ್ ಶಹಾ (1397–1422) ಶನಿವಾರ, ಸೋಮವಾರ, ಗುರುವಾರಗಳಂದು ತಾನೇ ಪಾಠಕ್ಕೆ ಕುಳಿತುಕೊಳ್ಳುತ್ತಿದ್ದನಂತೆ. ರೇಖಾಗಣಿತ ಅವನ ವಿಷಯಗಳಲ್ಲೊಂದು. ಹಗಲಿನಲ್ಲಿ ಬಿಡುವಾಗದಿದ್ದರೆ ರಾತ್ರಿ ಪಾಠ. ಇಂಥ ಅರಸನ ಊರಿನಲ್ಲಿ ಅರೆಬರೆ ಕಲಿತ ಉಪಾಧ್ಯಾಯನಿಗೆ ನೆಲೆ ಸಿಗುವುದು ಕಷ್ಟವೇ.

ಆದರೆ ಅರಸನ ಅಳತೆಗೋಲಿಗೂ ಮಿತಿಯುಂಟು. 1400ರ ಸುಮಾರಿಗೆ ಕಲಬುರಗಿಗೆ ಬಂದ ಖ್ವಾಜಾ ಬಂದೇ ನವಾಜರನ್ನು ಫಿರೋಜನು ಆದರದಿಂದ ಬರಮಾಡಿಕೊಂಡರೂ, ಶಾಸ್ತ್ರಪಾಂಡಿತ್ಯದಲ್ಲಿ ಅವರು ಕಡಿಮೆಯೆಂದು ಬಗೆದನೆಂದು ಅದೇ ಫಿರಿಶ್ತಾ ಹೇಳುತ್ತಾನೆ. ಹಲವು ಗ್ರಂಥಗಳನ್ನು ರಚಿಸಿದ ಗುರು ಅವರು. ಅರಸನ ತೀರ್ಪನ್ನು ಜನ ಒಪ್ಪಲಿಲ್ಲವೆಂಬುದಕ್ಕೆ ಅವರ ದರ್ಗಾವೇ ಸಾಕ್ಷಿ.

ಎರಡನೆಯ ಉತ್ತರ, ಗುರು. ಇಸ್ಲಾಮೀ ವಿದ್ಯಾಸಂಪ್ರದಾಯದಲ್ಲಿ ಶಿಷ್ಯನು ಗ್ರಂಥವೊಂದನ್ನು ಗುರುವಿನ ಮುಂದೆ ಓದಿ ಮುಗಿಸಿದ ಮೇಲೆ, ಅದನ್ನು ಬೋಧಿಸುವ ಅನುಮತಿಯನ್ನು ಗುರು ಕೊಡುತ್ತಿದ್ದನು. ಇದೇ ಇಜಾಜತ್. ಅನುಮತಿ ಕಟ್ಟಡದ ಹೆಸರಿನಲ್ಲಿರದೆ ಗುರುವಿನ ಹೆಸರಿನಲ್ಲಿರುತ್ತಿತ್ತು; ಶಿಷ್ಯ ತಪ್ಪಿದರೆ ಗುರುವಿಗೇ ಅಪಕೀರ್ತಿ.

ಈ ಎರಡರ ಅಂತರ ತಿಳಿಯಬೇಕಾದರೆ ಕಲಬುರಗಿಯಿಂದ ಬೀದರದ ಹಾದಿ ಹಿಡಿಯಬೇಕು. ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ ಹುಮನಾಬಾದಿನ ಮೇಲೆ ಇಂದಿನ ರಸ್ತೆ ಸಾಗುತ್ತದೆ. ಅಹ್ಮದ್ ಶಹಾನ ಕಾಲದಲ್ಲಿ (1422–1436) ರಾಜಧಾನಿ ಬೀದರಕ್ಕೆ ಹೋಯಿತು. ಅರಸನ ಕಣ್ಣೂ ಬೊಕ್ಕಸವೂ ಅದರೊಡನೆ ಹೋದವು. ಅಲ್ಲಿ 1472ರಲ್ಲಿ ಮಹಮೂದ್ ಗವಾನನು ಮೂರಂತಸ್ತಿನ ಮದರಸಾ ಕಟ್ಟಿಸಿದನು. 1481ರಲ್ಲಿ ಅರಸನ ಆಜ್ಞೆಯಿಂದಲೇ ಅವನ ವಧೆಯಾಯಿತು. ಮುಂದೆ 17ನೆಯ ಶತಮಾನದ ಕೊನೆಗೆ ಕಟ್ಟಡದ ಒಂದು ಭಾಗವೂ ಸ್ಫೋಟದಲ್ಲಿ ಬಿದ್ದಿತು. ಇಜಾಜತ್ ಪಡೆದವನು ಮಾತ್ರ ಎಲ್ಲಿ ಕುಳಿತರೂ ಪಾಠ ಹೇಳಬಹುದಾಗಿತ್ತು.

ಅನ್ನವಿಲ್ಲದೆ ಶಾಲೆ ನಡೆಯದು. ಬೊಕ್ಕಸದ ಉಪಕಾರವನ್ನು ಮರೆಯಲಾಗದು. ಆದರೂ ಇಂದು ಮದರಸಾಗಳ ಗುಣಮಟ್ಟದ ಮಾತು ಬಂದಾಗ ಹಳೆಯ ಕಲಬುರಗಿ ನಮಗೊಂದು ಪ್ರಶ್ನೆಯನ್ನು ಉಳಿಸಿದೆ: ಪಾಠವನ್ನು ಅಳೆಯಲು ಬರುವವರು ಆ ಪಾಠವನ್ನು ತಾವು ಓದಿದ್ದಾರೆಯೆ?