ಎಳೆ ಹರಿದರೆ ನಿಲ್ಲುವ ಮಗ್ಗ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಿಂಗಸುಗೂರಿನ ನಮ್ಮ ಮನೆಗೆ ಬಂದಿದ್ದ. ಮಸ್ಕಿ ಕಡೆಯ ಹಳ್ಳಿಯವನು. ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 2007ರಲ್ಲಿ ಗ್ರಾಮೀಣ ಮಕ್ಕಳಿಗಾಗಿ ಬಿಡದಿಯಲ್ಲಿ ತೆರೆದ ತರಬೇತಿ ಶಾಲೆಯಲ್ಲಿ ಕಲಿತವನು. ಕಾರು ಕಟ್ಟುವುದನ್ನು ಹೇಗೆ ಕಲಿಸುತ್ತಾರಪ್ಪಾ ಎಂದು ಕುತೂಹಲದಿಂದ ಕೇಳಿದೆ. "ಸರ, ಗಾಡಿ ಜೋಡಿಸೋದು ಆಮ್ಯಾಲ, ನಿಲ್ಲಿಸೋದು ಮೊದಲು ಕಲಸ್ತಾರ್ರಿ. ತಪ್ಪು ಕಂಡ್ರ ಹಗ್ಗ ಜಗ್ಗಬೇಕು" ಎಂದ. ಈ ಪದ್ಧತಿ ಎಲ್ಲಿಂದ ಬಂತು ಎಂದೆ. "ಮಗ್ಗದಿಂದ, ಸರ" ಎಂದು ನಕ್ಕ.

ಮಗ್ಗವೆಂದೊಡನೆ ನನಗೆ ಇಳಕಲ್ಲಿನ ಸೋದರಮಾವನ ಓಣಿ ನೆನಪಾಯಿತು. ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋದಾಗ ನೇಕಾರರ ಮನೆಯ ಕಟ್ಟೆಯ ಮೇಲೆ ಕುಳಿತು ಲಾಳಿಯ ಓಡಾಟವನ್ನು ನೋಡುತ್ತಿದ್ದೆ. ಹಾಸಿನ ಒಂದು ಎಳೆ ಹರಿದರೂ ಅಜ್ಜನ ಕೈಕಾಲುಗಳು ತಾವಾಗಿ ನಿಲ್ಲುತ್ತಿದ್ದವು. ಎಳೆಯನ್ನು ಹುಡುಕಿ, ಗಂಟು ಹಾಕಿ, ಮತ್ತೆ ನೇಯ್ಗೆ. ಆ ಗಳಿಗೆಯಲ್ಲಿ ನಿಲ್ಲದಿದ್ದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಕೊನೆಗೆ ಅಳುವುದು ಕೊಂಡವಳಲ್ಲ, ನೇಯ್ದವನು. ಕೈಮಗ್ಗಕ್ಕೆ ನೇಕಾರನ ಕಣ್ಣುಂಟು. ವಿದ್ಯುತ್ತಿನಿಂದಲೋ ಉಗಿಯಿಂದಲೋ ಓಡುವ ಮಗ್ಗಕ್ಕೆ ಆ ಕಣ್ಣಿಲ್ಲ. ಎಳೆ ಹರಿದರೂ ಅದು ಅಷ್ಟೇ ವೇಗದಿಂದ ಕೆಟ್ಟ ಬಟ್ಟೆಯನ್ನು ನೇಯುತ್ತಾ ಹೋಗುತ್ತದೆ.

ಯಂತ್ರಕ್ಕೂ ಕಣ್ಣು ಕೊಡಬೇಕೆಂದು ಜೀವಮಾನವಿಡೀ ಶ್ರಮಿಸಿದವರು ಜಪಾನಿನ ಸಾಕಿಚಿ ಟೊಯೊಡಾ. 1867ರಲ್ಲಿ ಬಡಗಿಯ ಮನೆಯಲ್ಲಿ ಹುಟ್ಟಿದ ಅವರು ತಾಯಿ ಕೈಮಗ್ಗದಲ್ಲಿ ಪಡುತ್ತಿದ್ದ ಕಷ್ಟವನ್ನು ಕಂಡು ಬೆಳೆದವರು. 1924ರಲ್ಲಿ ಅವರು ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಹಾಸಿನ ಎಳೆಗಳಿಗೆ ತೆಳುವಾದ ಲೋಹದ ಪಟ್ಟಿಗಳು ತೂಗುಬಿದ್ದಿರುತ್ತಿದ್ದವು. ಎಳೆ ಹರಿದರೆ ಅದರ ಪಟ್ಟಿ ಕೆಳಗೆ ಬೀಳುವುದು. ಬಿದ್ದೊಡನೆ ಮಗ್ಗ ನಿಲ್ಲುವುದು. ಯಂತ್ರವನ್ನು ಕಾಯುತ್ತ ನಿಲ್ಲಬೇಕಾಗಿಲ್ಲವಾದ್ದರಿಂದ ಒಬ್ಬನೇ ಕೆಲಸಗಾರ ಹಲವಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. ಈ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆ ಒಂದು ಲಕ್ಷ ಪೌಂಡಿನ ಒಪ್ಪಂದದ ಮೇಲೆ ಪಡೆಯಿತು.

ಸಾಕಿಚಿಯವರ ಮಗ ಕಿಯಿಚಿರೊ 1933ರಲ್ಲಿ ಅದೇ ಮಗ್ಗದ ಕಾರ್ಖಾನೆಯೊಳಗೆ ಮೋಟಾರು ವಿಭಾಗವನ್ನು ತೆರೆದರು. 1936ರಲ್ಲಿ ಅವರ ಮೊದಲ ಕಾರು ಮಾರುಕಟ್ಟೆಗೆ ಬಂತು. 1937ರಲ್ಲಿ ಟೊಯೊಟಾ ಪ್ರತ್ಯೇಕ ಕಂಪನಿಯಾಯಿತು. ಮುಂದೆ ಅದರ ಉತ್ಪಾದನಾ ಕ್ರಮವನ್ನು ರೂಪಿಸಿದ ತಾಯಿಚಿ ಓನೊ ಕೂಡ ಟೊಯೊಡಾ ನೂಲಿನ ಗಿರಣಿಯಿಂದ ಬಂದವರೇ. ಮಗ್ಗದ ಪಟ್ಟಿಯ ಸ್ಥಾನದಲ್ಲಿ ಅವರು ಮನುಷ್ಯನನ್ನು ನಿಲ್ಲಿಸಿದರು: ದೋಷ ಕಂಡರೆ ಸಾಮಾನ್ಯ ಕೆಲಸಗಾರನೂ ಇಡೀ ಸಾಲನ್ನು ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ "ಏಕೆ?" ಎಂದು ಐದು ಸಲ ಕೇಳಬೇಕು. ಯಂತ್ರವೇಕೆ ನಿಂತಿತು? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆಯೇಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಎಣ್ಣೆಯ ಪಂಪು ಸರಿಯಾಗಿ ಎಳೆಯಲಿಲ್ಲ. ಏಕೆ? ಅದರ ದಂಡ ಸವೆದಿತ್ತು. ಏಕೆ? ಸೋಸುವ ಜಾಲರಿ ಇಲ್ಲದೆ ಲೋಹದ ಚೂರುಗಳು ಒಳಹೊಕ್ಕಿದ್ದವು. ಮೊದಲ ಉತ್ತರಕ್ಕೇ ತೃಪ್ತನಾದವನು ಫ್ಯೂಸ್ ಬದಲಿಸಿ ಹೋಗುತ್ತಾನೆ. ಐದನೆಯದನ್ನು ಮುಟ್ಟಿದವನು ಜಾಲರಿ ಕೂಡಿಸುತ್ತಾನೆ. ಕಾರು ವರ್ಷದಿಂದ ವರ್ಷಕ್ಕೆ ಉತ್ತಮಗೊಳ್ಳುವ ಬಗೆ ಇದು.

ಕರ್ನಾಟಕಕ್ಕೆ ಇದು ಬಂದ ದಾರಿಯೂ ಅಂಥದೇ. ಕಿರ್ಲೋಸ್ಕರ್ ಮನೆತನದ ಮೂಲಪುರುಷ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಶಿಕ್ಷಕರಾಗಿದ್ದು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ಮಣ್ಣು ಕೆಡುತ್ತದೆಂದು ರೈತರು ಮೊದಮೊದಲು ಅಂಜಿದರಂತೆ. ಆ ಮನೆತನವೂ ಟೊಯೊಡಾ ಬಳಗವೂ 1995ರಲ್ಲಿ ಬೆಂಗಳೂರಿನ ಬಳಿ ಮೊದಲು ಕೈಗೂಡಿಸಿದ್ದು ಜವಳಿ ಯಂತ್ರಗಳಿಗಾಗಿ. ಕಾರಿನ ಕಂಪನಿ ಹುಟ್ಟಿದ್ದು ನಂತರ, 1997ರಲ್ಲಿ. ಬಿಡದಿಯ ಕ್ವಾಲಿಸ್ ರಸ್ತೆಗಿಳಿದದ್ದು 2000ದಲ್ಲಿ. ಜಪಾನಿನಲ್ಲಿ ನಡೆದಂತೆ ಇಲ್ಲಿಯೂ ನೂಲು ಮುಂದೆ, ಚಕ್ರ ಹಿಂದೆ. ಸಿಂಧನೂರಿನಿಂದ ಮದುವೆಯ ದಿಬ್ಬಣ ಹೊರಟ ಆ ಕ್ವಾಲಿಸ್‌ಗಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ.

ಆದರೆ ಪರಂಪರೆ ಹೊಲಮನೆಯಂತೆ ಉತಾರದಲ್ಲಿ ಹೆಸರು ಬದಲಿಸಿಕೊಂಡು ಬರುವ ಆಸ್ತಿಯಲ್ಲ. 2009–10ರಲ್ಲಿ ಟೊಯೊಟಾ ಜಗತ್ತಿನಾದ್ಯಂತ ಲಕ್ಷಾಂತರ ಕಾರುಗಳನ್ನು ದೋಷನಿವಾರಣೆಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಕಿಯಿಚಿರೊ ಅವರ ಮೊಮ್ಮಗ ಅಕಿಯೊ ಟೊಯೊಡಾ 2010ರ ಫೆಬ್ರವರಿ 24ರಂದು ಅಮೆರಿಕದ ಸಂಸದರ ಮುಂದೆ ನಿಂತು, ಜನರನ್ನು ಬೆಳೆಸುವ ವೇಗಕ್ಕಿಂತ ಸಂಸ್ಥೆ ಬೆಳೆಯುವ ವೇಗ ಹೆಚ್ಚಾಯಿತೆಂದು ಒಪ್ಪಿಕೊಂಡರು. ಬಿಡದಿಯಲ್ಲಿಯೂ 2020ರ ನವೆಂಬರಿನಿಂದ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಕೆಲಸದ ಹೊರೆ ಹೆಚ್ಚಿತೆಂಬುದು ಕಾರ್ಮಿಕ ಸಂಘದ ದೂರಾಗಿತ್ತು. 2024ರ ಜನವರಿಯಲ್ಲಂತೂ ಡೀಸೆಲ್ ಎಂಜಿನ್ನಿನ ಶಕ್ತಿಪರೀಕ್ಷೆಯಲ್ಲಿ ಅಕ್ರಮ ನಡೆದುದು ಬಯಲಾಯಿತು. ಬಿಡದಿಯಿಂದ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್ ವಾಹನಗಳ ರವಾನೆ ಕೆಲ ದಿನ ನಿಂತಿತು. ಆ ಎಂಜಿನ್ನುಗಳನ್ನು ಮಾಡಿದ್ದು ಬೇರೆ ಯಾರೂ ಅಲ್ಲ, ಸಾಕಿಚಿಯವರ ಮಗ್ಗದ ಕಂಪನಿಯೇ! ಎಳೆ ಹರಿದರೆ ನಿಲ್ಲಬೇಕೆಂದು ಜಗತ್ತಿಗೆ ಕಲಿಸಿದ ಮನೆಯಲ್ಲಿಯೇ ಹರಿದ ಎಳೆಯ ಮೇಲೆ ನೇಯ್ಗೆ ಸಾಗಿತ್ತು.

ಇದನ್ನು ಓದಿ ನಾನು ನಗಲಾರದವನಾದೆ. ಬಹಳ ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯಲ್ಲಿ ಅಶೋಕನ ಪಾಠ ಮಾಡುತ್ತ, ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು 1925ರಲ್ಲಿ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "1915 ಅಲ್ಲೇನ್ರಿ ಸರ?" ಎಂದ. ಅವನು ಮಸ್ಕಿಯವನು, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಆ ಬಂಡೆಯನ್ನು ಕಂಡ ಕಥೆಯನ್ನು ಮನೆಯಲ್ಲಿಯೇ ಕೇಳಿದ್ದಿರಬೇಕು. "ಪಾಠ ನಿನ್ನದೋ ನನ್ನದೋ?" ಎಂದು ಗದರಿ ಕೂಡಿಸಿದೆ. ಸಂಜೆ ಪುಸ್ತಕ ತೆರೆದಾಗ ಅವನೇ ಸರಿ. ಮರುದಿನ ಹಲಗೆಯ ಮೇಲೆ ವರ್ಷವನ್ನು ಸದ್ದಿಲ್ಲದೆ ತಿದ್ದಿದೆ, ಅವನ ಹೆಸರೆತ್ತಲಿಲ್ಲ. ಆ ವರ್ಷವೆಲ್ಲ ಅವನು ನನ್ನ ತರಗತಿಯಲ್ಲಿ ಮತ್ತೆ ಎದ್ದು ನಿಲ್ಲಲಿಲ್ಲ. ಅವನನ್ನು ನೋಡಿ ಉಳಿದವರೂ ಕೇಳುವುದನ್ನು ಬಿಟ್ಟರು. ಹಗ್ಗ ಜಗ್ಗಿದ ಕೈಯನ್ನೇ ನಾನು ಹೊಡೆದಿದ್ದೆ.

ಇಳಕಲ್ಲಿನ ಅಜ್ಜನಿಗೆ ತಿಳಿದಿದ್ದುದು ಬಿ.ಎಡ್. ಓದಿದ ನನಗೆ ತಿಳಿಯಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಈಗ ಎಷ್ಟೋ ಜನ ಶಿಕ್ಷಕರಿದ್ದೀರಿ, ಅಧಿಕಾರಿಗಳಿದ್ದೀರಿ, ತಂದೆತಾಯಿಗಳಾಗಿದ್ದೀರಿ. ನಿಮ್ಮ ಮುಂದೆ ಯಾರಾದರೂ ಹರಿದ ಎಳೆಯನ್ನು ತೋರಿಸಿದರೆ ಒಂದು ಗಳಿಗೆ ಮಗ್ಗ ನಿಲ್ಲಿಸಿರಿ. ಹಿಂದಿನ ಸಾಲಿನ ಆ ಹುಡುಗನೇ, ನೀನು ಇದನ್ನು ಓದುತ್ತಿದ್ದರೆ ಒಮ್ಮೆ ಮನೆಗೆ ಬಾರಪ್ಪಾ. ಅಂದು ನೀನು ಹೇಳಿದ್ದೇ ಸರಿ.