ಎಚ್‌ಟಿಎಂಎಲ್5: ಹಳೆಯ ಬ್ರೌಸರ್‌ಗಳೊಂದಿಗೆ ಹೊಂದಾಣಿಕೆ
ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್5ರ ಹೊಸ ಟ್ಯಾಗ್‌ಗಳಿಂದ ರಚಿಸಿದ ಪುಟವನ್ನು ಹಳೆಯ ಬ್ರೌಸರ್‌ಗಳೂ ತೋರಿಸಬಲ್ಲ ಗುಣ. ತಿಳಿಯದ ಟ್ಯಾಗನ್ನು ಕಡೆಗಣಿಸಿ ಒಳಗಿನ ಪಠ್ಯವನ್ನು ಉಳಿಸಿಕೊಳ್ಳುವ, ತಿಳಿಯದ ಇನ್‌ಪುಟ್ ಬಗೆಯನ್ನು ಸಾದಾ ಪಠ್ಯವೆಂದೇ ಪರಿಗಣಿಸುವ ಬ್ರೌಸರ್‌ಗಳ ಹಳೆಯ ರೂಢಿಯೇ ಇದಕ್ಕೆ ಆಧಾರ. ಹೀಗಾಗಿ, 2014ರಲ್ಲಿ ಜಾಲದ ಮಾನಕ ಸಂಸ್ಥೆ ಡಬ್ಲ್ಯು3ಸಿ ಶಿಫಾರಸಾಗಿ ಪ್ರಕಟಿಸಿದ ಎಚ್‌ಟಿಎಂಎಲ್5ರ ದಿನಾಂಕದ ಇನ್‌ಪುಟ್ ಹಳೆಯ ಬ್ರೌಸರಿನಲ್ಲಿ ಸಾದಾ ಪಠ್ಯಪೆಟ್ಟಿಗೆಯಾಗುತ್ತದೆ. ವಿಡಿಯೊ ಟ್ಯಾಗಿನೊಳಗೆ ಬರೆದಿಟ್ಟ ಬದಲಿ ಕೊಂಡಿ ಕಾಣಿಸುತ್ತದೆ. ಹಳೆಯದರೊಂದಿಗೆ ನಂಟು ಕಡಿದುಕೊಳ್ಳಲು ಹೊರಟ ಎಕ್ಸ್‌ಎಚ್‌ಟಿಎಂಎಲ್ 2 ಎಂಬ ಮಾನಕ ಮಾತ್ರ 2009ರಲ್ಲಿ ಕೈಬಿಡಲ್ಪಟ್ಟಿತು. ಜಾಲದ ಮಾನಕಕ್ಕೆ ಶುದ್ಧತೆಗಿಂತ ನಿರಂತರತೆಯೇ ಮುಖ್ಯವೆಂಬುದಕ್ಕೆ ಇದು ಪುರಾವೆ.

ತಿಳಿಯದ್ದನ್ನೂ ತಪ್ಪನ್ನೂ ಸಹಿಸುವ ಬ್ರೌಸರ್‌ಗಳ ಇಂಥ ಸಹನೆ ಅಶಿಸ್ತಿಗೆ ದಾರಿ ಎಂಬ ಆಕ್ಷೇಪವುಂಟು. ಆದರೆ ತಪ್ಪು ಬರಹವನ್ನು ಎಲ್ಲ ಬ್ರೌಸರ್‌ಗಳೂ ಒಂದೇ ರೀತಿ ಓದುವಂತೆ ಎಚ್‌ಟಿಎಂಎಲ್5 ನಿಯಮ ರೂಪಿಸಿತು. ಹೊಂದಾಣಿಕೆ ಪೂರ್ಣವಲ್ಲವೆಂಬುದೂ ನಿಜ: ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಅಪರಿಚಿತ ಟ್ಯಾಗ್‌ಗಳಿಗೆ ಶೈಲಿ ಅನ್ವಯಿಸುತ್ತಿರಲಿಲ್ಲ. ಆ ಕೊರತೆಯನ್ನು ಪುಟ್ಟ ಜಾವಾಸ್ಕ್ರಿಪ್ಟ್ ತುಣುಕು ತುಂಬಿತು. ಪಠ್ಯವಂತೂ ಓದುಗನಿಗೆ ತಪ್ಪಲಿಲ್ಲ.