ಮೇಜುಬಟ್ಟೆಯ ಹೂವು

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗ, ಕೈಕಾಲು ತೊಳೆಯುವ ಮೊದಲೇ ಹೆಗಲ ಮೇಲಿನ ಉದ್ದ ಚೀಲವನ್ನು ಇಳಿಸಿ ಮಂಚದ ಮೇಲೆ ಮಲಗಿಸಿದ. ಹಸುಗೂಸನ್ನು ಮಲಗಿಸುವಷ್ಟೇ ಜೋಪಾನವಾಗಿ. ಚೀಲದ ಜಿಪ್ಪು ಎಳೆದಾಗ ಹೊರಬಂದದ್ದು ನಮ್ಮಣ್ಣನ ಕೆಂಪು ಗಿಟಾರು. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಗಿಟಾರನ್ನು ನಾನು ಕಣ್ಣಾರೆ ಕಂಡು ಇಪ್ಪತ್ತು ವರ್ಷವಾದರೂ ಆಗಿರಬೇಕು.

"ಅತ್ತೆ, ಇಲ್ಲಿ ನೋಡು" ಎಂದು ಅವನು ಗಿಟಾರನ್ನು ಮಗುಚಿ ಹಾಕಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದ. "ಇದೇನಿರಬಹುದು ಹೇಳು?"

ಬೆಳಕು ಓರೆಯಾಗಿ ಬಿದ್ದಾಗ ಕೆಂಪು ಬಣ್ಣದ ಮೇಲೆ ಹೂವುಗಳು ಎದ್ದು ಬಂದವು. ಎಂಟು ದಳದ ಸಣ್ಣ ಸಣ್ಣ ಹೂವು, ಸುತ್ತ ಲೇಸಿನಂಥ ಬಳ್ಳಿ. ನೇರವಾಗಿ ನೋಡಿದರೆ ಏನೂ ಇಲ್ಲ.

"ಇದನ್ನು ಎಷ್ಟೋ ಜನಕ್ಕೆ ತೋರಿಸಿದೆ. ಒಬ್ಬ ಫ್ಯಾಕ್ಟರಿಯಲ್ಲೇ ಆದ ದೋಷ ಅಂದ, ಒಬ್ಬ ಹಿಂದಿನ ಮಾಲೀಕ ಬೇಕೆಂದೇ ಮಾಡಿಸಿದ್ದು ಅಂದ. ಪಾಲಿಶ್ ಹೊಡೆದು ಹೊಸ ಬಣ್ಣ ಹಾಕಿಸು ಅಂತಲೂ ಹೇಳಿದರು" ಎಂದ.

ನಾನು "ಮೊದಲು ಕಾಫಿ ಕುಡಿ ಮಾರಾಯ" ಎಂದು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಸಮಾಜ ವಿಜ್ಞಾನದ ಟೀಚರು ನಾನು. ಆಧಾರಗಳಿಲ್ಲದೆ ಇತಿಹಾಸವಿಲ್ಲ ಎಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಪ್ರತಿ ಜೂನ್ ತಿಂಗಳಲ್ಲೂ ಹೇಳುತ್ತೇನೆ. ಆ ಹೂವಿನ ವಿಷಯದಲ್ಲಿ ಈಗ ಉಳಿದಿರುವ ಏಕೈಕ ಆಧಾರ ನಾನೇ.

ಆ ನಾಲ್ಕು ದಿನ ಹುಡುಗ ನನಗೆ ಮಾಡಿದ ಪಾಠ ನಾನು ಬಿ.ಎಡ್.ನಲ್ಲೂ ಕೇಳಿರಲಿಲ್ಲ. ಗಿಟಾರಿನ ಮೇಲಿನ ಗೀರು, ಬಿರುಕು, ಚುಕ್ಕೆಗಳ ಹಿಂದೆ ಇಷ್ಟು ದೊಡ್ಡ ಚರಿತ್ರೆ ಇದ್ದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾವೂ ಹೊಸ ಸೀರೆ ಕೊಂಡಾಗ ಅಂಗಡಿಯ ಬೆಳಕಿನಲ್ಲಿ ಕಾಣದ ಒಂದು ಎಳೆ ತಪ್ಪಿದ್ದನ್ನು ಮನೆಗೆ ಬಂದು ಪತ್ತೆ ಮಾಡಿ, ಅದನ್ನೇ ಮತ್ತೆ ಮತ್ತೆ ಮುಟ್ಟಿ ನೋಡುವುದಿಲ್ಲವೇ? ನಮಗೆ ಅದು ಸಂಕಟ. ಈ ಗಿಟಾರಿನವರಿಗೆ ಅದು ಪತ್ತೇದಾರಿ ಕೆಲಸ.

ಕಥೆ ಶುರುವಾಗುವುದು ಗಿಟಾರಿನಿಂದಲ್ಲ, ಕಾರಿನಿಂದ. ಹಿಂದೆ ಕಾರಿಗೆ ಬಣ್ಣ ಹಚ್ಚಿ ಒಣಗಿಸುವುದಕ್ಕೆ ವಾರಗಟ್ಟಲೆ ಬೇಕಾಗುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ 'ಡ್ಯೂಕೋ' ಎಂಬ ಹೊಸ ಲ್ಯಾಕರ್ ತಂದಿತು, ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಹೊಡೆದರು. ಸಿಂಪಡಿಸಿದರೆ ಗಂಟೆಗಳಲ್ಲಿ ಒಣಗುವ ಬಣ್ಣ. ಅದರ ಹೆಸರು ನೈಟ್ರೋಸೆಲ್ಯುಲೋಸ್. ಹೆಸರು ಕೇಳಿ ಹೆದರಬೇಡಿ, ಮೂಲದಲ್ಲಿ ಅದು ನಮ್ಮ ಹತ್ತಿಯೇ. ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ಅದ್ದಿದರೆ ಆಗುವ ವಸ್ತು. ಅದರ ಒಂದು ರೂಪ ತೋಪಿನ ಮದ್ದಾಯಿತು, ಇನ್ನೊಂದು ಹಳೆಯ ಕಾಲದ ಸಿನಿಮಾ ರೀಲಾಯಿತು, ಮತ್ತೊಂದು ಬಣ್ಣವಾಯಿತು.

ಅದಕ್ಕೂ ಮೊದಲು ಯೂರೋಪಿನ ಗಿಟಾರುಗಳಿಗೆ ಹೊಳಪು ಕೊಡುತ್ತಿದ್ದುದು ಅರಗು. ನಮ್ಮ ದೇಶದ ಮರಗಳ ಮೇಲೆ ಹುಳುಗಳು ಸುರಿಸುವ ಅದೇ ಅರಗು. ಚನ್ನಪಟ್ಟಣದ ಬೊಂಬೆಗಳ ಮೇಲೆ ಹೊಳೆಯುವುದೂ ಅದೇ. ಮೈಸೂರಿನಲ್ಲಿ ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯನ್ನೇ ತೆರೆದರು. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಬಂದದ್ದೂ ಅಲ್ಲಿಂದಲೇ. ಇದನ್ನು ಹೇಳಿದಾಗ ಹುಡುಗನ ಮುಖದಲ್ಲಿ ಸ್ವಲ್ಪ ಗೌರವ ಕಾಣಿಸಿತು. ಅತ್ತೆಗೂ ಏನೋ ಗೊತ್ತಿದೆ!

ವಿದ್ಯುತ್ ಗಿಟಾರುಗಳಲ್ಲಿ ಎರಡು ದೊಡ್ಡ ಮನೆತನ. ಒಂದು ಮಿಷಿಗನ್ ರಾಜ್ಯದ ಕಲಮಜೂ ಊರಿನ ಗಿಬ್ಸನ್. ಇನ್ನೊಂದು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನ ಫೆಂಡರ್. ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. 1954ರಲ್ಲಿ ಅವರ ಕಾರ್ಖಾನೆಯಿಂದ ಬಂದ ಸ್ಟ್ರಾಟೋಕ್ಯಾಸ್ಟರ್‌ನ ಆಕಾರವನ್ನು ನೀವೂ ನೋಡಿರುತ್ತೀರಿ, ನಮ್ಮ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದವರು ಹಿಡಿದಿರುವುದು ಬಹುಪಾಲು ಅದರ ನಕಲೇ. ಫೆಂಡರಿನವರು ಬಣ್ಣಕ್ಕಾಗಿ ನೇರವಾಗಿ ಕಾರಿನ ಪಟ್ಟಿಗೇ ಕೈಹಾಕಿದರು. ಫಿಯೆಸ್ಟಾ ರೆಡ್ ಎಂಬುದು 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಕೆಂಪು, ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲಾಕ್ ಕಾರಿನ ನೀಲಿ. ಇಂಥ ಬಣ್ಣ ಬೇಕೆಂದವರು ನೂರಕ್ಕೆ 5ರಷ್ಟು ಹೆಚ್ಚು ಹಣ ಕೊಡಬೇಕಿತ್ತು.

ಆ ಗಿಟಾರುಗಳ ಹೊದಿಕೆ ತಗಡನ್ನು ಬಿಚ್ಚಿದರೆ ಮರದಲ್ಲಿ ಬಣ್ಣವಿಲ್ಲದ ಸಣ್ಣ ತೂತುಗಳು ಕಾಣುತ್ತವೆ. ಹೊಸದಾಗಿ ಕೊಂಡವರು ಇದನ್ನು ಕಂಡು ಮೋಸಹೋದೆವೆಂದು ಎದೆ ಬಡಿದುಕೊಳ್ಳುತ್ತಾರಂತೆ. ಸಂಗತಿ ಬಹಳ ಸರಳ. ಎರಡೂ ಮೈಗೆ ಬಣ್ಣ ಹೊಡೆದ ಮೇಲೆ ಒಣಗಿಸುವುದು ಹೇಗೆ? ಹಲಗೆಗೆ ಮೊಳೆ ಹೊಡೆದು, ಮೊಳೆಗಳನ್ನೇ ಕಾಲು ಮಾಡಿ, ಮೇಜಿಗೆ ತಾಗದಂತೆ ನಿಲ್ಲಿಸುತ್ತಿದ್ದರು. ಕೊನೆಗೆ ಮೊಳೆ ಕಿತ್ತು ಮೇಲೆ ತಗಡು ಮುಚ್ಚುತ್ತಿದ್ದರು. 1960ರ ದಶಕದ ನಡುವೆ ಈ ಪದ್ಧತಿ ನಿಂತಿತು. ಇಂದು ಹಳೆಯ ಗಿಟಾರಿಗೆ ರಾಶಿ ಹಣ ಸುರಿಯುವವರು ಮೊದಲು ಹುಡುಕುವುದೇ ಆ ತೂತುಗಳನ್ನು. ತೂತಿನೊಳಗೆ ಬಣ್ಣ ಕಂಡರೆ, ಯಾರೋ ಆಮೇಲೆ ಮರುಬಣ್ಣ ಹೊಡೆದಿದ್ದಾರೆ ಎಂದು ಅರ್ಥ. ಹಾಗಾದರೆ ಬೆಲೆ ಅರ್ಧಕ್ಕರ್ಧ ಇಳಿಯುತ್ತದೆ.

ಬಿರುಕಿನ ಕಥೆಯೂ ಹೀಗೆಯೇ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಲ್ಯಾಕರ್ ಎಳೆಯದಾಗಿದ್ದಾಗ ಮರದ ಜೊತೆ ಹೊಂದಿಕೊಂಡು ಹೋಗುತ್ತದೆ. ವಯಸ್ಸಾದಂತೆ ಅದರ ಪಸೆ ಆರಿ ಗಡುಸಾಗುತ್ತದೆ, ಆಮೇಲೆ ಬಗ್ಗುವುದಿಲ್ಲ, ಸೀಳುತ್ತದೆ. ಚಳಿಯಲ್ಲಿದ್ದ ಪೆಟ್ಟಿಗೆಯನ್ನು ಬೆಚ್ಚಗಿನ ಕೋಣೆಯಲ್ಲಿ ತಟ್ಟನೆ ತೆರೆದರೆ ಕಣ್ಣೆದುರಿಗೇ ಕೂದಲೆಳೆಯಂಥ ಬಿರುಕುಗಳು ಓಡುತ್ತವಂತೆ. ಬಿಳಿ ಗಿಟಾರು ಬೆಣ್ಣೆ ಬಣ್ಣಕ್ಕೆ ತಿರುಗುವುದು, ನೀಲಿ ಹಸಿರಾಗುವುದು, ಎಲ್ಲವೂ ಮೇಲಿನ ಪಾರದರ್ಶಕ ಪದರ ಹಳದಿಗಟ್ಟಿದ್ದರ ಫಲ. ಗಿಬ್ಸನ್ನಿನವರು 1958ರಿಂದ 1960ರವರೆಗೆ ಮಾಡಿದ ಲೆಸ್ ಪಾಲ್ ಎಂಬ ಮಾದರಿಯಲ್ಲಿ ಅಂಚಿಗೆ ಹಚ್ಚಿದ ಕೆಂಪು ಬಿಸಿಲಿಗೆ ನಿಲ್ಲುತ್ತಿರಲಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ತೂಗುಹಾಕಿದ್ದು ನಿಂಬೆ ಬಣ್ಣಕ್ಕೋ ಚಹಾದ ಬಣ್ಣಕ್ಕೋ ಇಳಿಯಿತು. ಆಗ ಕೊಳ್ಳುವವರು ಕಡಿಮೆಯಾಗಿ ಆ ಮಾದರಿಯನ್ನೇ ನಿಲ್ಲಿಸಿದರು. ಸುಮಾರು 1,500 ಮಾತ್ರ ತಯಾರಾದವೆಂದು ಅಂದಾಜು. ಈಗ ಒಂದೊಂದಕ್ಕೂ ಲಕ್ಷಗಟ್ಟಲೆ ಡಾಲರ್. ನಮ್ಮ ಮದುವೆ ಸೀರೆಗಳ ಬಣ್ಣ ಹೋದದ್ದಕ್ಕೆ ಇಂಥ ಗಿರಾಕಿ ಸಿಗಲಿಲ್ಲವಲ್ಲ ಎಂದು ನಾನು ಗೊಣಗಿಕೊಂಡೆ.

1968ರ ಸುಮಾರಿಗೆ ಫೆಂಡರ್ ದಪ್ಪನೆಯ ಪಾಲಿಯೆಸ್ಟರ್ ಹೊದಿಕೆಗೆ ಹೋಯಿತು. ಹೊಳಪು ಮಾಸದು, ಬಿರುಕು ಬಿಡದು. ಆದರೂ ಜನಕ್ಕೆ ಹಳೆಯದರ ಮೇಲೇ ಕಣ್ಣು. ಕೊನೆಗೆ 1995ರಲ್ಲಿ ಫೆಂಡರಿನವರು ಹೊಸ ಗಿಟಾರನ್ನೇ ಕೆರೆದು, ತುಕ್ಕು ಹಿಡಿಸಿ, 'ರೆಲಿಕ್' ಎಂದು ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರತೊಡಗಿದರು. ಮೊಣಕಾಲಿನಲ್ಲಿ ಹರಿದ ಪ್ಯಾಂಟಿಗೆ ದುಡ್ಡು ಕೊಡುವ ನಮ್ಮ ಮಕ್ಕಳನ್ನು ನೋಡಿದ ಮೇಲೆ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಅದೇ ವರ್ಷ ಐರ್ಲೆಂಡಿನ ರೋರಿ ಗ್ಯಾಲಹರ್ ಎಂಬ ವಾದಕರು ತೀರಿಕೊಂಡರು. ಅವರ 1961ರ ಸ್ಟ್ರಾಟೋಕ್ಯಾಸ್ಟರ್‌ನ ಮೈಮೇಲೆ ಬಣ್ಣವೇ ಉಳಿದಿರಲಿಲ್ಲ. ಅವರ ಬೆವರಿಗೆ ಕಿತ್ತುಹೋಯಿತೆಂದು ಹೇಳುತ್ತಾರೆ. ಒಮ್ಮೆ ಕಳ್ಳರು ಒಯ್ದು ಮಳೆಯಲ್ಲಿ ಚರಂಡಿಯ ಪಕ್ಕ ಎಸೆದಿದ್ದರು ಕೂಡ. 2024ರಲ್ಲಿ ಹರಾಜಾಗಿ ಅದೀಗ ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಬೇರೆ. ಫೆಂಡರ್ ಕಾರ್ಖಾನೆಯಲ್ಲಿ ತಂತಿ ಬೆಸೆಯುವ, ಸುರುಳಿ ಸುತ್ತುವ ನಾಜೂಕಿನ ಕೆಲಸ ಹೆಚ್ಚಾಗಿ ಹೆಂಗಸರದು. ಅವರು ಕೆಲಸ ಮುಗಿಸಿ ಅಂಟುಕಾಗದದ ತುಂಡಿನ ಮೇಲೆ ತಮ್ಮ ಹೆಸರನ್ನೂ ತಾರೀಖನ್ನೂ ಬರೆದು ಗಿಟಾರಿನ ಹೊಟ್ಟೆಯೊಳಗೆ ಅಂಟಿಸುತ್ತಿದ್ದರು. ಮೇರಿ. ಗ್ಲೋರಿಯಾ. ನಲವತ್ತು ಐವತ್ತು ವರ್ಷ ಕಳೆದು ಯಾರೋ ತಿರುಪು ಬಿಚ್ಚಿದಾಗ ಆ ಹೆಸರು ಕಣ್ಣಿಗೆ ಬೀಳುತ್ತದೆ. ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಸೇರಿ ದಶಕಗಳ ಕಾಲ ಸುರುಳಿ ಸುತ್ತಿದರು, ಅವರು ಸುತ್ತಿದ್ದೇ ಬೇಕೆಂದು ಕೇಳುವವರಿದ್ದರು. ಗಿಬ್ಸನ್ನಿನಲ್ಲೂ ಅಷ್ಟೇ, ಎರಡನೆಯ ಮಹಾಯುದ್ಧಕ್ಕೆ ಗಂಡಸರು ಹೋದಾಗ ಗಿಟಾರು ಮಾಡಿದವರು ಊರಿನ ಹೆಂಗಸರು. ಯುದ್ಧಕಾಲದಲ್ಲಿ ಕಂಪನಿ ಗಿಟಾರನ್ನೇ ಮಾಡಲಿಲ್ಲವೆಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. 1944ರಲ್ಲಿ ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ಹೆಂಗಸರ ಒಂದು ಫೋಟೋ ಹಿಡಿದು ಜಾನ್ ಥಾಮಸ್ ಎಂಬ ಕಾನೂನು ಪ್ರಾಧ್ಯಾಪಕರು ಮುದುಕಿಯರಾಗಿದ್ದ ಅವರನ್ನು ಹುಡುಕಿಕೊಂಡು ಹೋಗಿ ಪುಸ್ತಕವನ್ನೇ ಬರೆದರು.

ನಮ್ಮ ಗಿಟಾರೂ ಗಿಬ್ಸನ್ನೇ. ಮೆಲೊಡಿ ಮೇಕರ್ ಎಂಬ ಅಗ್ಗದ ಮಾದರಿ, 1959ರಲ್ಲಿ ಕಲಿಯುವವರಿಗೆಂದು ತಂದದ್ದು. ಅರವತ್ತರ ದಶಕದಲ್ಲಿ ಗಿಬ್ಸನ್ನಿನವರು ಒಂದೇ ನಂಬರನ್ನು ಬೇರೆ ಬೇರೆ ವರ್ಷ ಮತ್ತೆ ಬಳಸಿದ್ದರಿಂದ ನಂಬರು ನೋಡಿ ವಯಸ್ಸು ಹೇಳಲಾಗದು. ಒಳಗಿನ ತಿರುಗಣೆಯ ಹಿಂದೆ ಒತ್ತಿದ ಸಂಖ್ಯೆಯಲ್ಲಿ ವರ್ಷ, ವಾರ ಅಡಗಿರುತ್ತವೆ. ಅದರ ಪ್ರಕಾರ ನಮ್ಮದು 1964ರ ಆಸುಪಾಸಿನದು. ಅಣ್ಣ ಹಡಗಿನ ಎಂಜಿನ್ ವಿಭಾಗದಲ್ಲಿದ್ದ. 1986ರಲ್ಲಿ ಹ್ಯೂಸ್ಟನ್ ಬಂದರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡು ಕುಮಟಾದ ನಮ್ಮ ಹಂಚಿನ ಮನೆಗೆ ತಂದ. ಅಪ್ಪನ ವಾಲ್ವ್ ರೇಡಿಯೋದ ಹಿಂದೆ ವಯರು ಸಿಕ್ಕಿಸಿ ನುಡಿಸಿದಾಗ ಕೇರಿಯ ನಾಯಿಗಳೆಲ್ಲ ಬೊಗಳಿದ್ದು ನೆನಪಿದೆ.

ಮರುವರ್ಷ ಹಡಗಿಗೆ ಹೊರಟವನು ನನ್ನ ಕೈಗೆ ಅದನ್ನು ಕೊಟ್ಟು "ಮಳೆಗಾಲ, ಜೋಪಾನ" ಎಂದ. ನಾನಾಗ ಪಿಯುಸಿ. ಮಾಡು ಸೋರುತ್ತಿತ್ತು. ಹುಬ್ಬಳ್ಳಿಯಿಂದ ತಂದ ಹೊಸ ಪ್ಲಾಸ್ಟಿಕ್ ಮೇಜುಬಟ್ಟೆ ಇತ್ತು, ಬಿಳಿಯದು, ಉಬ್ಬು ಹೂವಿನ ಲೇಸಿನದು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗುತ್ತ ಗಿಟಾರಿಗೆ ಅದನ್ನು ಬಿಗಿಯಾಗಿ ಸುತ್ತಿ, ಹುರಿ ಕಟ್ಟಿ ಅಟ್ಟಕ್ಕೆ ಏರಿಸಿದೆ. ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಹಾಕುವ ಎಣ್ಣೆಯಂಥ ರಾಸಾಯನಿಕ ಈ ಲ್ಯಾಕರ್‌ಗೆ ಇಳಿದು ಅದನ್ನು ಕರಗಿಸುತ್ತದೆ ಎಂದು ನನಗೇನು ಗೊತ್ತು? ಗಿಟಾರು ನಿಲ್ಲಿಸುವ ಸ್ಟ್ಯಾಂಡಿನ ರಬ್ಬರಿನಿಂದಲೂ ಹೀಗೇ ಕಲೆಯಾಗುತ್ತದೆ, ಅದು ಎಲ್ಲ ಮಾಲೀಕರಿಗೂ ಗೊತ್ತಿರುವ ವಿಷಯ ಎಂದು ಹುಡುಗ ಈಗ ಹೇಳುತ್ತಾನೆ.

ಹತ್ತು ತಿಂಗಳ ಮೇಲೆ ಅಣ್ಣ ಬಂದು ಗಂಟು ಬಿಚ್ಚಿದ. ಮೇಜುಬಟ್ಟೆ ಚರ್ಮದ ಹಾಗೆ ಅಂಟಿಕೊಂಡಿತ್ತು. ಎಳೆದಾಗ ಚರ್ ಎಂದ ಸದ್ದು ನನಗೆ ಹಿತ್ತಲ ಬಾಗಿಲಿನವರೆಗೆ ಕೇಳಿಸಿತು. "ಯಾರು ಇದನ್ನು ಸುತ್ತಿದ್ದು?" ಎಂದು ಅವನು ಕೂಗಿದಾಗ "ಆಯಿ ಸುತ್ತಿದ್ದು" ಎಂದುಬಿಟ್ಟೆ. ಆಯಿ ಒಲೆಯ ಮುಂದಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ಅಣ್ಣ ಆಡಬಾರದ ಮಾತುಗಳನ್ನೆಲ್ಲ ಆಡಿದ, ಅವಳಿಗೆ ಏನೂ ತಿಳಿಯುವುದಿಲ್ಲ ಎಂದ, ಅಷ್ಟು ದಿನ ಹಡಗಿನಲ್ಲಿ ದುಡಿದದ್ದು ಇದಕ್ಕೇನಾ ಎಂದ. ಆಯಿ "ಹೌದು ಮಗಾ, ನಂಗೆ ಗೊತ್ತಾಗಿಲ್ಲ" ಎಂದಷ್ಟೇ ಹೇಳಿ ಅನ್ನದ ಗಂಜಿ ಬಸಿದಳು. ಆ ಸಲ ಎರಡು ವಾರ ಅವನು ಅವಳೊಂದಿಗೆ ಮಾತಾಡಲಿಲ್ಲ. ಮುಂದಿನ ಸಲ ಅವನು ಬರುವಷ್ಟರಲ್ಲಿ ಆಯಿ ಇರಲಿಲ್ಲ.

ಇದನ್ನು ನಾನು ಅಣ್ಣನಿಗೆ ಹೇಳಲಿಲ್ಲ. ಹೇಳಬೇಕೆಂದು ಆಸ್ಪತ್ರೆಗೆ ಹೋದ ದಿನ ಅವನಿಗೆ ಮಾತು ನಿಂತಿತ್ತು.

ಹುಡುಗನಿಗೆ ಹೇಳಿದ್ದು ಹೊರಡುವ ಹಿಂದಿನ ರಾತ್ರಿ, ಊಟವಾದ ಮೇಲೆ. ಅವನು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತನ್ನ ಪುಟ್ಟ ನೋಟ್ ಪುಸ್ತಕ ತೆಗೆದು, "ಸುತ್ತಿದ್ದು ಯಾವ ತಿಂಗಳು ಅತ್ತೆ?" ಎಂದು ಕೇಳಿದ.

"ಜೂನ್. ಕಾಲೇಜು ಶುರುವಾಗಿತ್ತು."

"1987?"

"ಹೌದು."

ಬರೆದುಕೊಂಡ. "ಮೇಜುಬಟ್ಟೆ ಅಂತ ಯಾರೂ ಊಹಿಸಿರಲಿಲ್ಲ" ಎಂದ. ಗಿಟಾರನ್ನು ಮತ್ತೊಮ್ಮೆ ಮಗುಚಿ ಹೂವಿನ ಮೇಲೆ ಬೆರಳಾಡಿಸಿದ. ಹೊಸ ಬಣ್ಣ ಹಾಕಿಸುವ ಮಾತನ್ನು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ನೋಡಿದರೆ ಚೀಲದ ಒಳಪದರ ಹರಿದು ರೆಕ್ಸಿನ್ ಹೊರಬಂದಿತ್ತು. ಟ್ರಂಕಿನಲ್ಲಿದ್ದ ಆಯಿಯ ಹತ್ತಿ ಸೀರೆಯನ್ನು ತೆಗೆದೆ. ಒಗೆದು ಒಗೆದು ಬೂದಿ ಬಣ್ಣಕ್ಕೆ ಬಂದದ್ದು. ಇಬ್ಬರೂ ಸೇರಿ ಗಿಟಾರಿಗೆ ಎರಡು ಸುತ್ತು ಸುತ್ತಿದೆವು. ಹುರಿ ಕಟ್ಟುವುದು ಬೇಡವೆಂದ, ಸೆರಗನ್ನೇ ಮಡಚಿ ಒಳಗೆ ಸಿಕ್ಕಿಸಿದೆ.